ಅಗಲ

ನನ್ನ ಕೆಲಸ ಕತ್ತಲು ಮಾಡುವುದು.
ಹೈಗ್ರೌಂಡ್ಸಿನ ತಾರಾಲಯ, ಹನ್ನೊಂದೂವರೆಯ ಕನ್ನಡ ಪ್ರದರ್ಶನ.
ಗುಂಡಿ ತಿರುವುತ್ತೇನೆ ನಿಧಾನ, ನಾಲ್ಕು ನಿಮಿಷ.
ಬೇಗ ತಿರುವಿದರೆ ಒಂದನೇ ಕ್ಲಾಸಿನವು ಅಳುತ್ತವೆ.
ಮೊದಲು ಗೋಡೆ ಹೋಗುತ್ತದೆ, ಆಮೇಲೆ ಟೀಚರು,
ಕೊನೆಗೆ ಪಕ್ಕದವನ ಬಿಳಿ ಅಂಗಿ.

ಆಗ ರೆಕಾರ್ಡಾದ ಗಂಡುದನಿ ಶುರು:
ವಿಶ್ವ ಹಿಗ್ಗುತ್ತಿದೆ,
ಹಿಗ್ಗುವ ವೇಗವೂ ಏರುತ್ತಿದೆ.
ಜಗ್ಗುತ್ತಿರುವುದು ಏನೆಂದು ಗೊತ್ತಿಲ್ಲ,
ಹೆಸರು ಮಾತ್ರ ಇಟ್ಟಾಗಿದೆ, ಕಪ್ಪು ಶಕ್ತಿ.
ಇರುವುದೆಲ್ಲ ಒಂದು ರೂಪಾಯಿ ಎಂದುಕೊಂಡರೆ
ಅರವತ್ತೆಂಟು ಪೈಸೆ ಅದರದೇ.
ಇಪ್ಪತ್ತೇಳು ಇನ್ನೊಂದು ಕತ್ತಲಿನ ಖಾತೆಗೆ.
ನಕ್ಷತ್ರ, ಸಮುದ್ರ, ನೀವು, ನಿಮ್ಮ ಟಿಫಿನ್ ಡಬ್ಬಿ,
ಎಲ್ಲ ಸೇರಿ ಐದು.

ಕಳೆದ ಮಂಗಳವಾರ, ಜೆ.ಜೆ. ನಗರದ ಶಾಲೆಯ ರುಕ್ಸಾರ್
ಲೈಟು ಬಂದ ಮೇಲೂ ಏಳಲಿಲ್ಲ.
"ಮಿಸ್, ಅದು ಯಾರ ಜಾಗಕ್ಕೆ ಹಿಗ್ಗುತ್ತೆ?"
ಅವಳ ಅಜ್ಜಿಯ ಬಳೆ ಅಂಗಡಿಯಲ್ಲಿ ಅರ್ಧ
ರಸ್ತೆ ಅಗಲೀಕರಣಕ್ಕೆ ಹೋಗಿದೆಯಂತೆ.
ಮೊದಲು ಗೋಡೆಗೆ ಕೆಂಪು ಗುರುತು ಹಾಕಿದರಂತೆ.
ದೂರ ಸರಿಯುವ ಗೆಲಾಕ್ಸಿಗೂ ಕೆಂಪೇ ಗುರುತು.
ಅದನ್ನು ನಾನು ಹೇಳಲಿಲ್ಲ.

ನನ್ನಪ್ಪ ಕದಿರಪ್ಪ ಸರ್ವೆ ಇಲಾಖೆಯಲ್ಲಿ ಚೈನ್‌ಮನ್.
ಮೂವತ್ತಮೂರು ಅಡಿ, ಹದಿನಾರು ಕೊಂಡಿ, ಕೊಂಡಿಗೊಂದು ಆಣೆ.
ಸುಂಕದಕಟ್ಟೆಯ ಆಚೆ ಹುರುಳಿ ಹೊಲದಲ್ಲಿ ಬಾಂದುಕಲ್ಲು ನೆಟ್ಟು
"ಊರು ಇಲ್ಲಿಗೆ ಮುಗೀತು" ಅಂದು ಬೀಡಿ ಹಚ್ಚಿದವನು.
ಬೀಡಿ ಆರುವ ಮೊದಲೇ ಊರು ಕಲ್ಲು ದಾಟಿತ್ತು.
ಈಗದು ಬೇಕರಿಯೊಂದರ ಮೆಟ್ಟಿಲು,
ಜನ ಒಂದು ಕಾಲು ಅದರ ಮೇಲಿಟ್ಟು ಬನ್ನು ತಿನ್ನುತ್ತಾರೆ.

"ಸರಪಳಿ ಹಳೇದಾದ್ರೆ ಜಗ್ಗುತ್ತೆ ಮಗಾ,
ನೆಲ ಕಮ್ಮಿ ಬರುತ್ತೆ. ನೆಲದ ತಪ್ಪಲ್ಲ" ಅನ್ನುತ್ತಿದ್ದ.
ಅಲ್ಲಿ ತಿರುವುಮುರುವು, ಅಪ್ಪಾ.
ಸರಪಳಿ ಇದ್ದಷ್ಟೇ ಇದೆ, ಜಗ್ಗುವುದು ನೆಲವೇ.
ಯಾರ ಹೊಲವನ್ನೂ ತಿನ್ನುವುದಿಲ್ಲ, ಯಾರಿಗೂ ನೋಟಿಸಿಲ್ಲ.
ಕಲ್ಲಿಗೂ ಕಲ್ಲಿಗೂ ನಡುವೆ ಹೊಸ ಬಯಲು ಹುಟ್ಟುತ್ತದೆ,
ಹುಟ್ಟುವಾಗಲೇ ಆ ಬಯಲಿನಲ್ಲೂ ಅದೇ ಶಕ್ತಿ,
ಅದೂ ಜಗ್ಗತೊಡಗುತ್ತದೆ.

ರುಕ್ಸಾರ್‌ಗೆ ಇದನ್ನೇ ಹೇಳಿದೆ, ಅರ್ಧಂಬರ್ಧ.
"ಯಾರ ಜಾಗಕ್ಕೂ ಅಲ್ಲ. ಒಳಗೇ ಜಾಗ ಹುಟ್ಟುತ್ತೆ."
ಯೋಚಿಸಿದಳು. ಚಪ್ಪಲಿ ಮೆಟ್ಟಿಕೊಂಡಳು.
"ಹಾಗಾದ್ರೆ ಹಿಗ್ಗಲಿ ಬಿಡಿ ಮಿಸ್, ಪಾಪ."

ಸಂಜೆ ಬಸ್ಸು. ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ
ಯಾರದೋ ಮೀಸೆಯ ಫ್ಲೆಕ್ಸು: ನಮ್ಮನ್ನಗಲಿ ಒಂದು ವರ್ಷ.
ಅಪ್ಪನಿಗೆ ಈಗ ಹನ್ನೊಂದು.
ಅಗಲ ಎಂದರೆ ಬರೆದಿಡಬಹುದಾದ ಅಳತೆ,
ಅಗಲಿದ ಎಂದರೆ
ಸರಪಳಿಯ ಆ ತುದಿ ಕೈಬಿಟ್ಟವನು.
ಒಂದು ದೂರ ದಾಟಿದ ಗೆಲಾಕ್ಸಿಯಿಂದ
ಇವತ್ತು ಹೊರಟ ಬೆಳಕು ಎಂದೂ ಇಲ್ಲಿಗೆ ಬರುವುದಿಲ್ಲ.
ಕಾಣುತ್ತಿರುವುದೆಲ್ಲ ಅದು ಹಿಂದೆಂದೋ ಕಳಿಸಿದ್ದು.
ಅಪ್ಪನ ಕೆಮ್ಮೂ ಹಾಗೆ, ಬೆಳಗಿನ ಜಾವ ಮೂರಕ್ಕೆ,
ಇನ್ನೂ ಬರುತ್ತದೆ,
ವರ್ಷ ಕಳೆದಂತೆ ದನಿ ಇಳಿದು, ಎಳೆದು.

ಅಟ್ಟದ ಗೋಣಿಚೀಲದಿಂದ ಸರಪಳಿ ಇಳಿಸಿದೆ.
ಬಾಗಿಲಿಂದ ಹಿಂದಿನ ಗೋಡೆಗೆ ಒಂಬತ್ತು ಕೊಂಡಿ,
ಮಿಕ್ಕ ಏಳು ಮೂಲೆಯಲ್ಲಿ ರಾಶಿ.
ಹೋದ ಸಲವೂ ಒಂಬತ್ತೇ.
ಗೋಡೆ, ಮೇಜು, ನನ್ನ ಮೂಳೆ,
ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಅದು ಜಗ್ಗಲಾರದು.
ಬಹಳ ಬಹಳ ಖಾಲಿ ಇರುವಲ್ಲಿ ಮಾತ್ರ ಅದರ ಆಟ.

ಆ ಶಕ್ತಿಯೂ ಈಚೆಗೆ ಕೊಂಚ ಸಡಿಲಾಗಿರಬಹುದು ಅನ್ನುತ್ತಾರೆ ಕೆಲವರು.
ಖಚಿತವಿಲ್ಲ. ಅಳೆಯುತ್ತಿದ್ದಾರೆ.
ಅಳೆಯಲಿ.
ರಜೆಯ ದಿನ ನನ್ನನ್ನೂ ಕರೆದೊಯ್ದು
ಈ ತುದಿ ಕೈಗಿಟ್ಟು ಹುರುಳಿ ಹೊಲದೊಳಗೆ ನಡೆದುಬಿಡುತ್ತಿದ್ದ,
ಚಿಕ್ಕವನಾಗುತ್ತಾ, ಚಿಕ್ಕವನಾಗುತ್ತಾ,
"ಬಿಗಿಯಾಗಿ ಹಿಡಿ" ಎಂದು ಅಲ್ಲಿಂದ ಕೂಗುತ್ತಿದ್ದ.

ಬೆರಳಿಗೆಲ್ಲ ತುಕ್ಕು.
ನಾಳೆ ಯಾವುದೋ ಕಾನ್ವೆಂಟಿನ ನೂರಾ ನಲವತ್ತು ಮಕ್ಕಳು.
ಸೋಪಿಗೂ ಹೋಗುತ್ತಿಲ್ಲ ಇದು.